ಸ್ಪ್ರಿಂಗ್ ಬದಲಿಸೋ ಮುಂಚೆ ಒಮ್ಮೆ ತೂಕ ಹಾಕಿ

ಶಿವಮೊಗ್ಗದಲ್ಲಿ ನನ್ನದು ತೂಕದ ಯಂತ್ರ ರಿಪೇರಿ ಅಂಗಡಿ. ಅಡಿಕೆ ಮಂಡಿಯ ಪ್ಲಾಟ್‌ಫಾರ್ಮ್ ಸ್ಕೇಲು, ಕಿರಾಣಿ ಅಂಗಡಿಯ ಟೇಬಲ್ ಸ್ಕೇಲು, ಚಿನ್ನದಂಗಡಿಯ ಗಾಜಿನ ಗೂಡಿನೊಳಗಿನ ತಕ್ಕಡಿ, ಎಲ್ಲ ಬರುತ್ತವೆ. ಹಾಗಾಗಿ ಯಾರಾದರೂ "ಇದು ಭಾರ ಜಾಸ್ತಿ ಆಗಿದೆ" ಅಂದರೆ ನನ್ನ ಬಾಯಿಗೆ ಮೊದಲು ಬರುವ ಪ್ರಶ್ನೆ "ಎಷ್ಟು?" ಅಂತ. ಆಮೇಲೆ "ಎಲ್ಲಿ?" ಅಂತ. ರಿಮೋಟಿನಲ್ಲಿ ಓಡಿಸುವ ಆಟದ ಟ್ರಕ್ಕಿನ ಸ್ಪ್ರಿಂಗ್ ವಿಷಯದಲ್ಲಿ ಈ ಎರಡನೇ ಪ್ರಶ್ನೆಯನ್ನು ಕೇಳುವವರು ಕಮ್ಮಿ.

ಟ್ರಕ್ಕು ನನ್ನದಲ್ಲ, ಅಕ್ಕನ ಮಗನದು. ಬೆಂಗಳೂರಿನಲ್ಲಿ ಕೆಲಸ, ತಿಂಗಳ ಸಂಬಳದಲ್ಲಿ ಒಂದು ಪಾಲು ಈ ಆಟಕ್ಕೆ ಮೀಸಲು. ಟ್ರ್ಯಾಕ್ಸಸ್ ಕಂಪನಿಯ ಟಿಆರ್‌ಎಕ್ಸ್-4, ಹತ್ತನೇ ಒಂದು ಅಳತೆಯದು, ಸೆಕೆಂಡ್ ಹ್ಯಾಂಡ್ ತಗೊಂಡಿದ್ದಾನೆ. 2017ರಲ್ಲಿ ಬಂದ ಮಾಡೆಲ್. ಕಲ್ಲುಬಂಡೆ ಹತ್ತುವುದಕ್ಕೇ ಮಾಡಿದ ಗಾಡಿ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಚಕ್ರದ ಹತ್ತಿರ ಇನ್ನೊಂದು ಗೇರು ಕೂತು ಆಕ್ಸಲನ್ನು ನೆಲದಿಂದ ಮೇಲೆತ್ತುವ ಪೋರ್ಟಲ್ ವ್ಯವಸ್ಥೆ, ರಿಮೋಟಿನಿಂದಲೇ ಲಾಕ್ ಆಗುವ ಡಿಫರೆನ್ಶಿಯಲ್, ಎರಡು ಸ್ಪೀಡಿನ ಗೇರ್‌ಬಾಕ್ಸ್. ತಂದ ಸ್ಥಿತಿಯಲ್ಲಿ ಬ್ಯಾಟರಿ ಸಮೇತ ಮೂರೂವರೆ ಕೆ.ಜಿ. ಆಸುಪಾಸಿನಲ್ಲಿತ್ತು.

ಅಷ್ಟಕ್ಕೆ ಬಿಟ್ಟಿದ್ದರೆ ಈ ಲೇಖನವೇ ಬೇಕಿರಲಿಲ್ಲ. ತೆಳು ಪಾಲಿಕಾರ್ಬೊನೇಟ್ ಬಾಡಿ ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನ ಬಾಡಿ ಕೂರಿಸಿದ. ಬಾಗಿಲು ತೆಗೆದು ಹಾಕಬಹುದು, ಒಳಗೆ ಸೀಟು, ಸ್ಟೇರಿಂಗು, ಡ್ಯಾಶ್‌ಬೋರ್ಡು. ಮೇಲೆ ಕಬ್ಬಿಣದ ಕ್ಯಾರಿಯರ್. ಕ್ಯಾರಿಯರ್ ಮೇಲೆ ಸ್ಟೆಪ್ನಿ, ಪುಟಾಣಿ ಡೀಸೆಲ್ ಕ್ಯಾನು, ಹಗ್ಗ, ಒಂದು ಸಲಿಕೆ. ಮುಂದೆ ಸ್ಟೀಲ್ ಬಂಪರ್, ಅದಕ್ಕೊಂದು ನಿಜವಾಗಿ ಎಳೆಯುವ ವಿಂಚು. ಇದು ಸಾಲದು ಅಂತ ಮುಂದಿನ ಆಕ್ಸಲ್ಲಿಗೆ ಹಿತ್ತಾಳೆ ತುಂಡುಗಳು. ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕೆಸರು ಬಣ್ಣ ಹಚ್ಚಿದ್ದಾನೆ, ಸಕಲೇಶಪುರದ ಕಡೆ ತೋಟದ ಜೀಪು ಮಳೆಗಾಲ ಮುಗಿಸಿ ಬಂದ ಹಾಗೆ ಕಾಣುತ್ತದೆ.

ಆದರೆ ಗಾಡಿ ಕುಸಿದು ಕೂತಿತ್ತು. ಮೂತಿ ನೆಲ ನೋಡುತ್ತಿತ್ತು. ಸಣ್ಣ ಕಲ್ಲಿಗೂ ಚಾಸಿ ಹೊಟ್ಟೆ ಉಜ್ಜುತ್ತಿತ್ತು, ಇಳಿಜಾರಿನಲ್ಲಿ ಅಡ್ಡ ಹೋದರೆ ಮಗುಚುತ್ತಿತ್ತು.

"ಮಾವ, ಸ್ಪ್ರಿಂಗ್ ಸಾಫ್ಟ್ ಆಯ್ತು. ಗಟ್ಟಿ ಸೆಟ್ ತರಿಸಿದ್ದೀನಿ. ನೀವು ಹಾಕಿ ಕೊಡಿ, ನಿಮ್ಮ ಹತ್ರ ಟೂಲ್ಸ್ ಇದೆ."

"ಹಾಕೋಣ. ತೂಕ ಎಷ್ಟಿದೆ?"

"ಜಾಸ್ತಿ ಇದೆ ಮಾವ."

ಇದು ಮಂಡಿಗೆ ಅಡಿಕೆ ತಂದವನಿಗೆ "ರೇಟು ಚೆನ್ನಾಗಿದೆ" ಅಂತ ಹೇಳಿ ಕಳಿಸಿದ ಹಾಗಾಯಿತು. ಅವನ ಪೊಟ್ಟಣವನ್ನು ಡ್ರಾಯರಿಗೆ ಹಾಕಿ, ಗಾಡಿಯನ್ನು ಸ್ಕೇಲಿನ ಮೇಲಿಟ್ಟೆ. 4,620 ಗ್ರಾಂ. ಅಂದರೆ ಹೊಸದಾಗಿ ಸೇರಿದ್ದು ಒಂದು ಕೆ.ಜಿ.ಗಿಂತ ಜಾಸ್ತಿ, ಹಳೆಯ ತೂಕದ ಮೂರನೇ ಒಂದು ಪಾಲಿನಷ್ಟು. ಹಾಗಾದರೆ ಸ್ಪ್ರಿಂಗೂ ಮೂರನೇ ಒಂದು ಪಾಲು ಗಟ್ಟಿಯಾಗಬೇಕು, ಮುಗೀತಲ್ವಾ? ಇಲ್ಲ. ಇಲ್ಲಿಂದಲೇ ವಿಷಯ ಶುರು.

ಸ್ಪ್ರಿಂಗ್ ಹೊರುವುದು ತನ್ನ ಮೇಲೆ ಕೂತಿದ್ದನ್ನು ಮಾತ್ರ. ಚಕ್ರ, ಟೈರು, ಆಕ್ಸಲ್, ಅದರೊಳಗಿನ ಗೇರು, ಇವೆಲ್ಲ ನೆಲದ ಮೇಲೆ ನೇರವಾಗಿ ನಿಂತಿರುತ್ತವೆ. ಅವು ಸ್ಪ್ರಿಂಗಿನ ಕೆಳಗಿನವು. ಆಕ್ಸಲ್ಲಿಗೆ ನೀವು ಅರ್ಧ ಕೆ.ಜಿ. ಹಿತ್ತಾಳೆ ಕಟ್ಟಿದರೂ ಗಾಡಿ ಒಂದು ಕೂದಲೆಳೆಯಷ್ಟೂ ಕುಸಿಯುವುದಿಲ್ಲ. ಅದೇ ಅರ್ಧ ಕೆ.ಜಿ.ಯನ್ನು ಕ್ಯಾರಿಯರ್ ಮೇಲಿಟ್ಟರೆ ಪೂರ್ತಿ ನಾಲ್ಕು ಸ್ಪ್ರಿಂಗಿನ ತಲೆ ಮೇಲೆ. ಬಂಡೆ ಹತ್ತುವ ಗಾಡಿಯವರು ಹಿತ್ತಾಳೆಯನ್ನು ಕೆಳಗೆ ಕಟ್ಟುವುದು ಇದಕ್ಕೇ: ಭಾರ ಕೆಳಗಿದ್ದರೆ ಗಾಡಿ ನೆಲ ಹಿಡಿಯುತ್ತದೆ, ಸ್ಪ್ರಿಂಗಿಗೆ ಅದರ ಸುದ್ದಿಯೇ ಇಲ್ಲ. (ಜೋರಾಗಿ ಓಡಿಸುವ ಗಾಡಿಗೆ ಹೀಗೆ ಮಾಡಬೇಡಿ. ಅಲ್ಲಿ ಚಕ್ರದ ಭಾರ ಕುಣಿದು ಕುಣಿದು ಶಾಕನ್ನು, ಅಂದರೆ ಸ್ಪ್ರಿಂಗಿನ ನಡುವೆ ಇರುವ ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರನ್ನು, ಕೊಲ್ಲುತ್ತದೆ.)

ಹಾಗಾಗಿ ಗಾಡಿಯನ್ನು ಎರಡು ಭಾಗ ಮಾಡಿ ತೂಗಬೇಕು. ಮೊದಲು ನಾಲ್ಕು ಚಕ್ರದ ಕೆಳಗೆ ನಾಲ್ಕು ಸಣ್ಣ ಸ್ಕೇಲು. ನನ್ನ ಅಂಗಡಿಯಲ್ಲಿ ಅದಕ್ಕೇನು ಬರ. ಮನೆಯಲ್ಲಿ ಒಂದೇ ಅಡುಗೆಮನೆ ಸ್ಕೇಲಿದ್ದರೂ ಸಾಕು, ಉಳಿದ ಮೂರು ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ತುಂಡು ಕೊಟ್ಟು ಒಂದೊಂದೇ ಚಕ್ರ ತೂಗಿ. ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಚಕ್ರಗಳ ನಡುವೆ ಭಾರದ ಹಂಚಿಕೆಯೇ ಬದಲಾಗುತ್ತದೆ. ಚಕ್ರ ತಟ್ಟೆಯ ಮಧ್ಯಕ್ಕೇ ಬರಲಿ. ಅಗ್ಗದ ಸ್ಕೇಲುಗಳಲ್ಲಿ ಒಂದೇ ಬಟ್ಟನ್ನು ತಟ್ಟೆಯ ನಾಲ್ಕು ಮೂಲೆಯಲ್ಲಿ ಇಟ್ಟು ನೋಡಿ, ನಾಲ್ಕು ಅಂಕಿ ಬರುತ್ತದೆ. ನಮ್ಮ ಕಸುಬಿನಲ್ಲಿ ಕಾರ್ನರ್ ಎರರ್ ಅಂತೀವಿ, ಸೀಲು ಹಾಕಿಸುವ ಮುಂಚೆ ಅದನ್ನು ಸರಿ ಮಾಡಲೇಬೇಕು. ಅಡುಗೆಮನೆ ಸ್ಕೇಲಿಗೆ ಯಾರೂ ಸೀಲು ಕೇಳುವುದಿಲ್ಲ, ಹಾಗಾಗಿ ಯಾರೂ ಸರಿ ಮಾಡಿರುವುದಿಲ್ಲ. ಇನ್ನೊಂದು: ಪ್ರತಿ ಸಲ ತೂಗುವ ಮುಂಚೆ ಗಾಡಿಯನ್ನು ಒಮ್ಮೆ ಒತ್ತಿ ಬಿಡಿ. ಶಾಕಿನ ರಬ್ಬರ್ ರಿಂಗು ಕಚ್ಚಿಕೊಂಡು ನಿಂತಿದ್ದರೆ ಸುಳ್ಳು ಅಂಕಿ ತೋರಿಸುತ್ತದೆ.

ಬಂದ ಅಂಕಿ ಹೀಗಿತ್ತು. ಮುಂದೆ ಎಡ 1,290, ಬಲ 1,240. ಹಿಂದೆ ಎಡ 1,020, ಬಲ 1,070. ಆಮೇಲೆ ಶಾಕುಗಳ ಕೆಳಗಿನ ಸ್ಕ್ರೂ ಬಿಚ್ಚಿ, ಚಾಸಿಯನ್ನು ಮರದ ತುಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ ಮತ್ತು ಚಕ್ರವನ್ನು ಮಾತ್ರ ಸ್ಕೇಲಿನ ಮೇಲೆ ಬಿಟ್ಟೆ. ಮುಂದಿನದು ಹಿತ್ತಾಳೆ ಸೇರಿ 960, ಹಿಂದಿನದು 700. ಆಕ್ಸಲನ್ನು ಚಾಸಿಗೆ ಜೋಡಿಸುವ ಕಡ್ಡಿಗಳ ತೂಕ ಅರ್ಧ ಆ ಕಡೆ ಅರ್ಧ ಈ ಕಡೆ, ಅದೆಲ್ಲ ಇದರಲ್ಲೇ ಸೇರಿಹೋಗುತ್ತದೆ.

ಕಳೆದರೆ ಸ್ಪ್ರಿಂಗಿನ ಮೇಲೆ ಕೂತಿರುವುದು ಮುಂದೆ 1,570, ಹಿಂದೆ 1,390. ಒಟ್ಟು 2,960 ಗ್ರಾಂ. ಹಳೆಯ ಬಾಡಿಯನ್ನೂ ಮತ್ತೆ ಕೂರಿಸಿ, ಬಂಪರು ವಿಂಚು ಹಿತ್ತಾಳೆ ಎಲ್ಲ ತೆಗೆದು ತೂಗಿದರೆ ಮೇಲಿನ ಭಾರ ಸುಮಾರು 2,100, ಮುಂದೆ ಹಿಂದೆ ಹೆಚ್ಚುಕಮ್ಮಿ ಸಮ. ನೋಡಿ, ಒಟ್ಟು ತೂಕ ಏರಿದ್ದು ಶೇಕಡಾ 32. ಸ್ಪ್ರಿಂಗಿನ ಪಾಲಿಗೆ ಏರಿದ್ದು ಶೇಕಡಾ 41. ಅದರಲ್ಲೂ ಮುಂದೆ 50, ಹಿಂದೆ 32. ಒಂದೇ ಗಾಡಿ, ನಾಲ್ಕು ಬೇರೆ ಬೇರೆ ಲೆಕ್ಕ. ಇದು ಗೊತ್ತಿಲ್ಲದೆ ನಾಲ್ಕಕ್ಕೂ ಒಂದೇ ಗಟ್ಟಿ ಸೆಟ್ ಹಾಕಿದರೆ ಏನಾಗುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ಸ್ಪ್ರಿಂಗನ್ನೇ ತೂಗುವುದು. ಪೊಟ್ಟಣದ ಮೇಲೆ ಸಾಫ್ಟ್, ಮೀಡಿಯಂ, ಹಾರ್ಡ್ ಅಂತ ಬರೆದಿರುತ್ತಾರೆ, ಇಲ್ಲಾ ಒಂದು ಬಣ್ಣದ ಚುಕ್ಕೆ. ಒಬ್ಬರ ಹಾರ್ಡು ಇನ್ನೊಬ್ಬರ ಮೀಡಿಯಮ್ಮು. ಕೆಲವರು ಇಂಚಿಗೆ ಪೌಂಡ್ ಲೆಕ್ಕ ಕೊಡುತ್ತಾರೆ, ಕೆಲವರು ಮಿಲಿಮೀಟರಿಗೆ ನ್ಯೂಟನ್. ನಮಗೆ ಬೇಕಿರುವುದು ಒಂದೇ: ಒಂದು ಮಿಲಿಮೀಟರ್ ಒತ್ತಲು ಎಷ್ಟು ಗ್ರಾಂ ಬೇಕು. ಇಂಚಿಗೆ ಒಂದು ಪೌಂಡ್ ಅಂದರೆ ಮಿಲಿಮೀಟರಿಗೆ ಸುಮಾರು 18 ಗ್ರಾಂ. ಅದೊಂದು ನೆನಪಿಟ್ಟುಕೊಂಡರೆ ಯಾವ ಪೊಟ್ಟಣವೂ ನಿಮ್ಮನ್ನು ಹೆದರಿಸುವುದಿಲ್ಲ.

ಅಳೆಯುವ ಕ್ರಮ ಸುಲಭ. ಸ್ಕೇಲಿನ ಮೇಲೆ ಸ್ಪ್ರಿಂಗನ್ನು ನೆಟ್ಟಗೆ ನಿಲ್ಲಿಸಿ. ಬಾಗದಿರಲಿ ಅಂತ ನಡುವೆ ಒಂದು ಸಡಿಲ ಬೋಲ್ಟು. ಮೇಲೆ ಒಂದು ವಾಷರ್ ಇಟ್ಟು ಡ್ರಿಲ್ ಸ್ಟ್ಯಾಂಡಿನಿಂದ ಒತ್ತುತ್ತಾ ಬನ್ನಿ. ವಾಷರಿನಿಂದ ತಟ್ಟೆಯವರೆಗಿನ ಎತ್ತರವನ್ನು ವರ್ನಿಯರ್‌ನಲ್ಲಿ ನೋಡಿ. 5 ಮಿ.ಮೀ. ಒತ್ತಿದಾಗ ಎಷ್ಟು, 15 ಮಿ.ಮೀ. ಒತ್ತಿದಾಗ ಎಷ್ಟು, ಎರಡರ ವ್ಯತ್ಯಾಸವನ್ನು 10ರಿಂದ ಭಾಗಿಸಿ. ಸೊನ್ನೆಯಿಂದ ಶುರು ಮಾಡಬೇಡಿ, ಮೊದಲ ಸುತ್ತು ಸರಿಯಾಗಿ ಕೂರುವವರೆಗೆ ಅಂಕಿ ಅಡ್ಡಾದಿಡ್ಡಿ. ಸ್ಟ್ಯಾಂಡಿನ ಹಿಡಿ ಎಷ್ಟು ಇಳಿಯಿತು ಅಂತಲೂ ನೋಡಬೇಡಿ, ತಟ್ಟೆಯಿಂದಲೇ ಅಳೆಯಿರಿ. ಯಾಕೆಂದರೆ ತಟ್ಟೆಯೂ ಇಳಿಯುತ್ತದೆ.

ಹೌದು, ಇಳಿಯುತ್ತದೆ. ಸ್ಕೇಲಿನ ಹೊಟ್ಟೆಯಲ್ಲಿರುವ ಲೋಡ್‌ಸೆಲ್ ಅನ್ನುವ ಅಲ್ಯೂಮಿನಿಯಂ ತುಂಡೂ ಒಂದು ಸ್ಪ್ರಿಂಗೇ. ಭಾರಕ್ಕೆ ಕೂದಲೆಳೆಯಷ್ಟು ಬಾಗುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿಜಾಲದ ಹಾಳೆ ಆ ಬಾಗನ್ನು ಕರೆಂಟಿನ ವ್ಯತ್ಯಾಸವಾಗಿ ಹೇಳುತ್ತದೆ. ಒತ್ತಿದಷ್ಟೂ ಅದೇ ಪ್ರಮಾಣದಲ್ಲಿ ಬಾಗುತ್ತದೆ ಅನ್ನುವುದನ್ನು ರಾಬರ್ಟ್ ಹುಕ್ 1678ರಲ್ಲೇ ಬರೆದಿಟ್ಟ. ನನ್ನ ಅಂಗಡಿಯ ಬಾಡಿಗೆ ಅವನ ಸಾಲಿನಿಂದಲೇ ನಡೆಯುತ್ತಿದೆ.

ಗಾಡಿಯಲ್ಲಿದ್ದ ಮುಂದಿನ ಸ್ಪ್ರಿಂಗು ಮಿ.ಮೀ.ಗೆ 44 ಗ್ರಾಂ. ಹಿಂದಿನದು 53. ಅಳಿಯ ತರಿಸಿದ್ದ ಗಟ್ಟಿ ಸೆಟ್ಟು 92. ಕೈಯಲ್ಲಿ ಹಿಡಿದು ಒತ್ತಿದರೆ 44ಕ್ಕೂ 53ಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕಣ್ಣಿಗಂತೂ ಇಲ್ಲವೇ ಇಲ್ಲ. ತಂತಿಯ ದಪ್ಪ 1 ಮಿ.ಮೀ. ಇದ್ದದ್ದು 1.1 ಆದರೆ ಸಾಕು, ಉಳಿದೆಲ್ಲ ಹಾಗೇ ಇದ್ದರೂ ಸ್ಪ್ರಿಂಗು ಶೇಕಡಾ 46 ಗಟ್ಟಿಯಾಗುತ್ತದೆ. ಗಟ್ಟಿತನ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ. ಆ ಹತ್ತನೇ ಒಂದು ಮಿಲಿಮೀಟರನ್ನು ಸ್ಪ್ರಿಂಗಿನ ಮೇಲಿನ ಬಣ್ಣದ ಪದರವೇ ನುಂಗಿಬಿಡುತ್ತದೆ. ಅದಕ್ಕೇ ಅಳೆದು ಊಹಿಸುವುದಕ್ಕಿಂತ ತೂಗಿ ನೋಡುವುದು ಮೇಲು. ಸ್ಪ್ರಿಂಗನ್ನು ಕತ್ತರಿಸಿ ಗಟ್ಟಿ ಮಾಡುವ ಉಪಾಯವೂ ಇದೆ. ಒಂಬತ್ತು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಶೇಕಡಾ 12ರಷ್ಟು ಗಟ್ಟಿ. ಆದರೆ ಉದ್ದವೂ ಕಮ್ಮಿಯಾಗಿ ಗಾಡಿ ಇನ್ನೂ ಕುಸಿಯುತ್ತದೆ, ಕತ್ತರಿಸಿದ ತುದಿ ಶಾಕಿನ ಅಲ್ಯೂಮಿನಿಯಂ ಮೈಯನ್ನು ಕೆರೆಯುತ್ತದೆ. ಸಿಕ್ಕರೆ ಕೊಳ್ಳುವುದೇ ಒಳ್ಳೆಯದು.

ಮುಂದಿನ 1,570ರಲ್ಲಿ ಒಂದು ಸ್ಪ್ರಿಂಗಿನ ಪಾಲಿಗೆ 785 ಗ್ರಾಂ. ಆದರೆ ಶಾಕು ನೆಟ್ಟಗೆ ನಿಂತಿಲ್ಲ, ವಾಲಿದೆ. ಮೊಬೈಲಿನ ಲೆವೆಲ್ ಆ್ಯಪ್‌ನಲ್ಲಿ ನೋಡಿದರೆ 25 ಡಿಗ್ರಿ. ವಾಲಿದ ಸ್ಪ್ರಿಂಗು 785 ಗ್ರಾಂ ಹೊರಬೇಕಾದರೆ ತನ್ನ ಉದ್ದಕ್ಕೆ 866 ಗ್ರಾಂ ಒತ್ತಬೇಕು. ಭಾಗಿಸಿ ನೋಡಿ. 44ರ ಸ್ಪ್ರಿಂಗು 866 ಗ್ರಾಂಗೆ 19.7 ಮಿ.ಮೀ. ಕುಗ್ಗುತ್ತದೆ. ಕೂರಿಸುವಾಗಲೇ 3 ಮಿ.ಮೀ. ಒತ್ತಿ ಕೂರಿಸಿರುತ್ತೇವೆ, ಅದು ಕಳೆದರೆ ಶಾಕಿನ ಕಡ್ಡಿ 16.7 ಮಿ.ಮೀ. ಒಳಗೆ ಹೋಗುತ್ತದೆ. ಕಡ್ಡಿಯ ಒಟ್ಟು ಓಟವೇ 28. ಅಂದರೆ ಗಾಡಿ ಸುಮ್ನೆ ನಿಂತಿದ್ದಾಗಲೇ ಶೇಕಡಾ 60 ಖರ್ಚಾಯಿತು. ಕಲ್ಲು ಬಂದಾಗ ಮೇಲೆ ಹೋಗಲು ಉಳಿದದ್ದು 11 ಮಿ.ಮೀ. ಹೊಟ್ಟೆ ಉಜ್ಜದೆ ಇನ್ನೇನು ಮಾಡುತ್ತದೆ.

ನಿಂತಾಗ ಎಷ್ಟು ಇಳಿದಿರಬೇಕು ಅನ್ನುವುದು ಗಾಡಿಯ ಕೆಲಸದ ಮೇಲೆ. ಬಂಡೆ ಹತ್ತುವ ಗಾಡಿಗೆ ಮೂರನೇ ಒಂದರಿಂದ ಅರ್ಧದವರೆಗೆ ಇಳಿದಿರಲಿ ಅನ್ನುವುದು ನನ್ನ ಪಕ್ಷ. ಯಾಕೆಂದರೆ ಹಳ್ಳ ಬಂದಾಗ ಚಕ್ರ ಕೆಳಗೆ ಚಾಚಬೇಕು. ಇಳಿತವೇ ಇಲ್ಲದ ಗಾಡಿಗೆ ಚಾಚಲು ಏನೂ ಉಳಿದಿರುವುದಿಲ್ಲ, ಚಕ್ರ ಗಾಳಿಯಲ್ಲಿ ನೇತಾಡುತ್ತದೆ.

ಶಾಕಿನ ಮೇಲಿರುವ ರಿಂಗನ್ನು ತಿರುಗಿಸಿ ಎತ್ತರ ಮಾಡಿದರಾಯಿತಲ್ಲ ಅಂತ ಅಳಿಯ ಕೇಳಿದ. ಆಗುತ್ತದೆ. ಆರೂವರೆ ಮಿ.ಮೀ. ಕೆಳಗೆ ತಿರುಗಿಸಿದರೆ ಗಾಡಿ ಹಳೆಯ ಎತ್ತರಕ್ಕೆ ಎದ್ದು ನಿಲ್ಲುತ್ತದೆ. ನೋಡೋಕೆ ಎಲ್ಲ ಸರಿ. ಆದರೆ ಸ್ಪ್ರಿಂಗು ಈಗಲೂ 44ರದ್ದೇ. ರಿಂಗು ಎತ್ತರ ಬದಲಿಸುತ್ತದೆಯೇ ಹೊರತು ಗಟ್ಟಿತನ ಬದಲಿಸುವುದಿಲ್ಲ. ಅಲ್ಲಿಂದ ಪೂರ್ತಿ ತಳ ಮುಟ್ಟಲು 18 ಮಿ.ಮೀ. ಇದೆ, ಅದಕ್ಕೆ 792 ಗ್ರಾಂ ಸಾಕು. ಹಳೆಯ ಹಗುರ ಗಾಡಿಯಲ್ಲಿ ಈ 792 ಗ್ರಾಂ ಅಂದರೆ ಸ್ಪ್ರಿಂಗು ಹೊತ್ತ ಭಾರದ 1.37 ಪಟ್ಟು. ಈಗ 0.91 ಪಟ್ಟು. ಮೊಣಕಾಲೆತ್ತರದಿಂದ ಬಿಟ್ಟರೆ ಟಪ್ ಅಂತ ತಳ ಹೊಡೆಯುತ್ತದೆ. ಒತ್ತಿ ಬಿಟ್ಟರೆ ಹಳೆಯ ಗಾಡಿ ಲೆಕ್ಕಕ್ಕೆ ಸೆಕೆಂಡಿಗೆ ನಾಲ್ಕು ಸಲ ಚಿಲ್ಲನೆ ಕುಣಿಯುತ್ತಿತ್ತು, ಈಗ 3.4. ಅಂಕಿಯಲ್ಲಿ ಸಣ್ಣದು, ಕಣ್ಣಿಗೆ ದೊಡ್ಡದು. ಗಾಡಿ ತೂಗಾಡುತ್ತದೆ.

ಬೇಕಾದ ಸ್ಪ್ರಿಂಗು ಯಾವುದು? 10 ಮಿ.ಮೀ. ಇಳಿತ ಬೇಕು, ಜೊತೆಗೆ ಕೂರಿಸುವಾಗಿನ 3. 866 ಭಾಗಿಸು 13, ಹತ್ತಿರ ಹತ್ತಿರ 67. ಸರಿಯಾಗಿ 67 ಯಾರು ಮಾಡಿರುತ್ತಾರೆ. ಅಳಿಯನ ಗೆಳೆಯರೊಬ್ಬರ ಡಬ್ಬಿಯಲ್ಲಿ ಸಿಕ್ಕ ಜೋಡಿ ತೂಗಿದರೆ 62 ಬಂತು. ಇಳಿತ 11 ಮಿ.ಮೀ., ಶೇಕಡಾ 39. ತಳ ಮುಟ್ಟಲು ಹೊತ್ತ ಭಾರದ 1.2 ಪಟ್ಟು ಬೇಕು. ಕುಣಿತ ಮತ್ತೆ ಸೆಕೆಂಡಿಗೆ ನಾಲ್ಕು. ಸಾಕು.

ಹಿಂದಿನ ಚಕ್ರಗಳ ಲೆಕ್ಕ ಮಾಡಿದಾಗ ಅಳಿಯನ ಮುಖ ನೋಡಬೇಕಿತ್ತು. ಸ್ಪ್ರಿಂಗಿಗೆ 695 ಗ್ರಾಂ, ವಾಲಿದ್ದಕ್ಕೆ ಸೇರಿಸಿದರೆ 767. ಇರುವ 53ರ ಸ್ಪ್ರಿಂಗಿನಲ್ಲೇ ಇಳಿತ 11.5 ಮಿ.ಮೀ., ಶೇಕಡಾ 41. ಅಂದರೆ ಹಿಂದಿನದನ್ನು ಮುಟ್ಟುವುದೇ ಬೇಡ. ಮೊದಲು ಅದು ಭಾರಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಇತ್ತು, ಈಗ ಭಾರ ಬಂದು ಸರಿಹೋಯಿತು.

"ಹಾಗಾದ್ರೆ ನಾನು ತರಿಸಿದ್ದು ವೇಸ್ಟಾ ಮಾವ?"

"ಹಾಕಿ ನೋಡೋಣ ಬಾ. ತೋರಿಸ್ತೀನಿ."

92ರದ್ದು ನಾಲ್ಕೂ ಹಾಕಿದೆವು. ಗಾಡಿ ಎದೆಯುಬ್ಬಿಸಿ ನಿಂತಿತು. ಮುಂದೆ ಇಳಿತ ಆರು ಮಿ.ಮೀ. ಚಿಲ್ಲರೆ, ಹಿಂದೆ ಐದು. ಚೆಂದ ಕಾಣುತ್ತಿತ್ತು, ಅವನಿಗೆ ಖುಷಿ. ನಾಲ್ಕು ಸ್ಕೇಲಿನ ಮೇಲೆ ಗಾಡಿ ನಿಲ್ಲಿಸಿ, ಮುಂದಿನ ಎಡ ಚಕ್ರದ ಕೆಳಗೆ 40 ಮಿ.ಮೀ. ದಪ್ಪದ ಹಲಗೆ ತುಂಡು ತೂರಿಸಿದೆ. ಒಂದು ಚಕ್ರ ಕಲ್ಲು ಹತ್ತಿದ ಸ್ಥಿತಿ ಅಂದುಕೊಳ್ಳಿ. ಅದರ ಹಿಂದೆ, ಅದೇ ಎಡಗಡೆಯ ಚಕ್ರದ ಸ್ಕೇಲು ನೋಡು ಅಂದೆ. 1,020 ಇದ್ದದ್ದು 750ಕ್ಕೆ ಬಿದ್ದಿತ್ತು. ಮುಂದೆ 62, ಹಿಂದೆ 53 ಹಾಕಿ ಅದೇ ಹಲಗೆ ತೂರಿಸಿದಾಗ 850. ನೂರು ಗ್ರಾಂ ಅಂದರೆ ಅಷ್ಟೇನಾ ಅನ್ನಿಸಬಹುದು. ಆದರೆ ಟೈರು ನೆಲ ಕಚ್ಚುವುದು ತನ್ನ ಮೇಲಿರುವ ಭಾರದಿಂದ. ಹಲಗೆಯ ಬದಲು ಹತ್ತು ಸೆಂ.ಮೀ. ಬಂಡೆ ಬಂದರೆ ಗಟ್ಟಿ ಸ್ಪ್ರಿಂಗಿನ ಗಾಡಿಯ ಒಂದು ಚಕ್ರ ಜಾರುತ್ತಾ ನಿಂತಿರುತ್ತದೆ, ಮೆತ್ತನೆಯದು ಆಗಲೇ ಹತ್ತಿರುತ್ತದೆ. ತೋಟದ ಪಿಕಪ್ಪಿಗೆ ಹೆಚ್ಚಿನ ಸ್ಪ್ರಿಂಗ್ ಪಟ್ಟಿ ಹೊಡೆಸಿದವರಿಗೆ ಇದು ಗೊತ್ತು. ಗೊಬ್ಬರದ ಮೂಟೆ ತುಂಬಿದಾಗ ಸೊಗಸಾಗಿ ಹೋಗುತ್ತದೆ, ಖಾಲಿ ವಾಪಸ್ ಬರುವಾಗ ಹಿಂದಿನ ಚಕ್ರ ನೆಲದ ಮೇಲೇ ನಿಲ್ಲುವುದಿಲ್ಲ.

ಇನ್ನು ಎಣ್ಣೆ. ಸ್ಪ್ರಿಂಗ್ ಬದಲಿಸಿ ಎಣ್ಣೆ ಹಾಗೇ ಬಿಡುವವರೇ ಜಾಸ್ತಿ. ಸ್ಪ್ರಿಂಗು ಎಸೆಯುತ್ತದೆ, ಎಣ್ಣೆ ಹಿಡಿಯುತ್ತದೆ. ಭಾರವೂ ಏರಿ ಸ್ಪ್ರಿಂಗೂ ಗಟ್ಟಿಯಾದರೆ ಹಿಡಿತವೂ ಅದೇ ಅಂದಾಜಿನಲ್ಲಿ ಏರಬೇಕು. ಎರಡೂ ಏರಿಕೆಯನ್ನು ಗುಣಿಸಿ ವರ್ಗಮೂಲ ತೆಗೆಯಿರಿ. ಮುಂದೆ ಭಾರ 1.5 ಪಟ್ಟು, ಸ್ಪ್ರಿಂಗು 1.4 ಪಟ್ಟು, ಹಾಗಾಗಿ ಎಣ್ಣೆ 1.45 ಪಟ್ಟು ದಪ್ಪ. ನಮ್ಮಲ್ಲಿದ್ದದ್ದು 350 ಸೆಂಟಿಸ್ಟೋಕ್ಸಿನ ಸಿಲಿಕೋನ್ ಎಣ್ಣೆ (ಸೆಂಟಿಸ್ಟೋಕ್ಸ್ ಅಂದರೆ ಎಣ್ಣೆ ಎಷ್ಟು ದಪ್ಪ ಅನ್ನುವ ಅಳತೆ). 1.45ರಿಂದ ಗುಣಿಸಿದರೆ ಸರಿಯಾಗಿ 500ರ ಹತ್ತಿರ ಬರುತ್ತದೆ. ಅದು ಅಂಗಡಿಯಲ್ಲಿ ಸಿಗುವ ಅಳತೆಯೇ. ಡಬ್ಬಿ ಮೇಲೆ 30 ವೆಯ್ಟ್, 40 ವೆಯ್ಟ್ ಅಂತ ಬರೆದಿರುವುದನ್ನು ನಂಬಿ ಕೂರಬೇಡಿ, ಅದು ಕಂಪನಿಗೊಂದು ಥರ. ರಿಮೋಟ್ ಗಾಡಿ ಮಾಡುವ ಅಸೋಸಿಯೇಟೆಡ್ ಕಂಪನಿಯ ಲೆಕ್ಕದಲ್ಲಿ 30 ಅಂದರೆ 350 ಸೆಂಟಿಸ್ಟೋಕ್ಸ್, 40 ಅಂದರೆ 500. ಬೇರೆಯವರದ್ದು ಬೇರೆ. ಸೆಂಟಿಸ್ಟೋಕ್ಸ್ ನೋಡಿ ಕೊಳ್ಳಿ.

ಹಿಂದೆ ಸ್ಪ್ರಿಂಗು ಹಳೆಯದೇ, ಭಾರ ಮಾತ್ರ ಏರಿದ್ದು. ಅಲ್ಲಿಗೆ 400 ಸಾಕು. 350 ಮತ್ತು 500 ಸಮ ಪಾಲು ಬೆರೆಸಿದರೆ 420ರ ಆಸುಪಾಸು ಆಗುತ್ತದೆ, ಅದನ್ನೇ ಹಾಕಿದೆವು. ಎಣ್ಣೆ ಹಾಕಿದ ಮೇಲೆ ಅವಸರ ಮಾಡಬೇಡಿ. ಕಡ್ಡಿಯನ್ನು ನಿಧಾನ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಎದ್ದು ಹೋಗುವವರೆಗೆ ಶಾಕನ್ನು ನೆಟ್ಟಗೆ ನಿಲ್ಲಿಸಿ ಕಾಯಿರಿ. ನಾನು ಡ್ರಿಲ್ ಸ್ಟ್ಯಾಂಡಿಗೆ ತೂಗು ಹಾಕಿ ಊಟಕ್ಕೆ ಹೋಗಿಬಿಡುತ್ತೇನೆ. ಗುಳ್ಳೆ ಉಳಿದರೆ ಒತ್ತಿದಾಗ ಕಿಚಕ್ ಕಿಚಕ್ ಅನ್ನುತ್ತದೆ, ನಾಲ್ಕು ಶಾಕು ನಾಲ್ಕು ಥರ ಕೆಲಸ ಮಾಡುತ್ತವೆ.

ಇಷ್ಟಾದರೂ ಅಡ್ಡ ಇಳಿಜಾರಿನ ತೊಂದರೆ ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ, ಅದು ಸ್ಪ್ರಿಂಗಿನ ಕೆಲಸವಲ್ಲ. ಹಲಗೆಯ ಮೇಲೆ ಗಾಡಿಯನ್ನು ಅಡ್ಡ ನಿಲ್ಲಿಸಿ ಒಂದು ಕಡೆಯಿಂದ ಎತ್ತುತ್ತಾ ಹೋಗಿ, ಮೇಲಿನ ಚಕ್ರಗಳು ಏಳುವಾಗ ಕೋನ ನೋಡಿದೆ. ಹಳೆಯ ಸ್ಪ್ರಿಂಗಿನಲ್ಲಿ 34 ಡಿಗ್ರಿ. ಹೊಸದರಲ್ಲಿ 36. ಅಷ್ಟೇ ಲಾಭ. ಸ್ಟೆಪ್ನಿಯನ್ನು ಕ್ಯಾರಿಯರ್‌ನಿಂದ ಇಳಿಸಿ ಹಿಂದಿನ ಬಾಗಿಲಿಗೆ ಹಾಕಿ, ಡೀಸೆಲ್ ಕ್ಯಾನುಗಳಿಗೆ ತುಂಬಿದ್ದ ಸೀಸದ ಗುಂಡು ತೆಗೆಸಿದ ಮೇಲೆ 41. (ಕ್ಯಾನಿನಲ್ಲಿ ಸೀಸ ಯಾಕೆ ಅಂತ ಕೇಳಿದರೆ "ಒರಿಜಿನಲ್ ಫೀಲ್ ಮಾವ" ಅಂದ.) ಸ್ಪ್ರಿಂಗಿಗೆ ಖರ್ಚು ಮಾಡಿದ್ದಕ್ಕಿಂತ ಪುಕ್ಕಟೆ ಕೆಲಸವೇ ಜಾಸ್ತಿ ಕೊಟ್ಟಿತು. ಗಟ್ಟಿ ಆಕ್ಸಲ್ ಗಾಡಿ ವಾಲುವುದು ಎರಡು ಚಕ್ರಗಳ ನಡುವಿನ ಅಗಲಕ್ಕಲ್ಲ, ಎರಡು ಶಾಕುಗಳ ನಡುವಿನ ಅಗಲಕ್ಕೆ. ಆ ಅಗಲ ಒಂದೂವರೆ ಪಟ್ಟಾದರೆ ವಾಲುವುದಕ್ಕೆ ಇರುವ ತಡೆ ಎರಡೂ ಕಾಲು ಪಟ್ಟು. ಚಾಸಿಯಲ್ಲಿ ಶಾಕ್ ಕೂರಿಸಲು ಬೇರೆ ಬೇರೆ ತೂತು ಇದ್ದರೆ ಮೊದಲು ಅದನ್ನು ಬದಲಿಸಿ ನೋಡಿ, ಆಮೇಲೆ ಸ್ಪ್ರಿಂಗಿಗೆ ದುಡ್ಡು. ನೆನಪಿರಲಿ, ತೂತು ಬದಲಿಸಿದರೆ ವಾಲಿದ ಕೋನವೂ ಬದಲಾಗುತ್ತದೆ, ಮೇಲಿನ ಲೆಕ್ಕ ಮತ್ತೆ ಮಾಡಬೇಕು.

ಆಕ್ಸಲರೇಟರ್ ಜೋರಾಗಿ ಕೊಟ್ಟಾಗ ಗಾಡಿಯ ಒಂದು ಮೂಲೆ ಏಳುವುದು ಇನ್ನೊಂದು ದೂರು. ಅದು ಉದ್ದನೆಯ ಡ್ರೈವ್‌ಶಾಫ್ಟ್ ತಿರುಗುವ ಬಲಕ್ಕೆ ಚಾಸಿ ಎದುರು ದಿಕ್ಕಿಗೆ ತಿರುಚಿಕೊಳ್ಳುವುದು. ಮೆತ್ತನೆ ಸ್ಪ್ರಿಂಗಿನಲ್ಲಿ ಎದ್ದು ಕಾಣುತ್ತದೆ. ಹೊಸ ಜೋಡಿಯಲ್ಲಿ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ. ಅಷ್ಟು ಇರಲಿ ಬಿಡಿ.

ಬೇಸಿಗೆಯಲ್ಲಿ ತೀರ್ಥಹಳ್ಳಿಗೆ ಹೋಗಿದ್ದೆವು. ಹೊಳೆ ಇಳಿದ ಮೇಲೆ ತುಂಗೆಯಲ್ಲಿ ಏಳುವ ಬಂಡೆಗಳು ಇಂಥ ಗಾಡಿಗೆ ಹೇಳಿ ಮಾಡಿಸಿದ ಜಾಗ. ಕೆಲವು ಕಡೆ ನುಣುಪು, ಕೆಲವು ಕಡೆ ನೀರು ಕೊರೆದ ಗುಂಡಿ. ಒಂದು ಬಂಡೆಯ ಬದಿಯಲ್ಲಿ ಗಾಡಿ ನಿಧಾನಕ್ಕೆ ಏರುವುದನ್ನು ಮೊಣಕಾಲೂರಿ ನೋಡಿದೆ. ಮುಂದಿನ ಎಡ ಚಕ್ರ ಗುಂಡಿಯಂಚಿಗೆ ಬಂತು, ಶಾಕಿನ ಕಡ್ಡಿ ಒಳಗೆ ಸರಿಯಿತು. ಬಲಗಡೆ ಕಡ್ಡಿ ಅಷ್ಟೇ ಹೊರಗೆ ಚಾಚಿತು. ಟೈರಿನ ಗೋಡೆ ಸುಕ್ಕಾಗಿ ಕಲ್ಲನ್ನು ತಬ್ಬಿ ಹಿಡಿಯಿತು. ಚಾಸಿ ಮಾತ್ರ ಹೆಚ್ಚು ಅಲುಗಲಿಲ್ಲ. ಕ್ಯಾರಿಯರ್ ಮೇಲಿನ ಸಲಿಕೆ ಇದ್ದಲ್ಲೇ ಇತ್ತು. ಹಳೆಯ ಸ್ಪ್ರಿಂಗಿನಲ್ಲಿ ಇದೇ ಜಾತಿಯ ಜಾಗದಲ್ಲಿ ಮೊದಲು ಬಂಪರ್ ಕಲ್ಲಿಗೆ ಬಡಿಯುತ್ತಿತ್ತು. ಸ್ನಾನಕ್ಕೆ ಬಂದಿದ್ದ ಅಜ್ಜರೊಬ್ಬರು ಸ್ವಲ್ಪ ಹೊತ್ತು ನೋಡಿ, "ಇದಕ್ಕೆ ಎಷ್ಟು ಮೈಲೇಜು ಬತ್ತದೆ?" ಅಂತ ಕೇಳಿದರು.

ನಿಮ್ಮದು ಬಂಡೆ ಹತ್ತುವ ಗಾಡಿಯಲ್ಲ, ಮೈದಾನದಲ್ಲಿ ಹಾರಿಸುವ ಟ್ರಕ್ಕು ಅಂದರೆ ಲೆಕ್ಕ ಸ್ವಲ್ಪ ಬೇರೆ. ಅದರಲ್ಲಿ ಒಂದೊಂದು ಚಕ್ರಕ್ಕೂ ಬೇರೆ ಬೇರೆ ತೋಳು, ಶಾಕು ತೋಳಿನ ನಡುಮಧ್ಯದಲ್ಲೆಲ್ಲೋ ಕೂತಿರುತ್ತದೆ. ಚಕ್ರ 10 ಮಿ.ಮೀ. ಎದ್ದಾಗ ಶಾಕು 6 ಮಿ.ಮೀ. ಮಾತ್ರ ಕುಗ್ಗಿದರೆ, ಚಕ್ರಕ್ಕೆ ಸಿಗುವ ಗಟ್ಟಿತನ ಸ್ಪ್ರಿಂಗಿನ 0.6 ಪಟ್ಟಲ್ಲ, 0.36 ಪಟ್ಟು. ಹಾಗಾಗಿ ಶಾಕನ್ನು ಒಂದು ತೂತು ಹೊರಗೆ ಸರಿಸುವುದು ಸ್ಪ್ರಿಂಗ್ ಬದಲಿಸಿದಷ್ಟೇ ದೊಡ್ಡ ಬದಲಾವಣೆ. ನಿಂತಾಗ ಡ್ರೈವ್‌ಶಾಫ್ಟುಗಳು ನೆಲಕ್ಕೆ ಸಮಾನಾಂತರ ಇರುವಷ್ಟು ಎತ್ತರ ಇಟ್ಟು, ಮೊಣಕಾಲೆತ್ತರದಿಂದ ಚಪ್ಪಟೆಯಾಗಿ ಬಿಡಿ. ಹೊಟ್ಟೆ ನೆಲಕ್ಕೆ ತಾಗಿಯೂ ತಾಗದಂತೆ ಇಳಿದು, ಮತ್ತೆ ಪುಟಿಯದೆ ನಿಂತರೆ ಸ್ಪ್ರಿಂಗು ಎಣ್ಣೆ ಎರಡೂ ಸರಿ ಇದೆ ಅಂತ. ಜೋರಾಗಿ ಬಡಿದರೆ ಸ್ಪ್ರಿಂಗು ಸಾಲದು. ಚೆಂಡಿನ ಹಾಗೆ ಎದ್ದರೆ ಎಣ್ಣೆ ಸಾಲದು.

ಅಳಿಯ ಮೊನ್ನೆ ಮತ್ತೆ ಫೋನ್ ಮಾಡಿದ್ದ. ಗಾಡಿಯ ಹಿಂಭಾಗ ಕತ್ತರಿಸಿ ಪಿಕಪ್ ಮಾಡುತ್ತಾನಂತೆ, ಮರದ ತೊಟ್ಟಿ, ಅದರಲ್ಲಿ ನಿಜವಾದ ಚಾಲಿ ಅಡಿಕೆ ತುಂಬಿದ ಪುಟ್ಟ ಗೋಣಿಚೀಲ. ಹಿಂದೆ 300 ಗ್ರಾಂ ಹೆಚ್ಚಾಗಬಹುದು ಅಂದ. ಲೆಕ್ಕ ಹಾಕಿ ಹೇಳಿದೆ: 53ರ ಸ್ಪ್ರಿಂಗಿನಲ್ಲಿ ಇಳಿತ ಶೇಕಡಾ 52 ಆಗುತ್ತದೆ, ಹಿಂದೆಯೂ 62ರ ಜೋಡಿ ಬೇಕು, ಆಗ 43ಕ್ಕೆ ಬರುತ್ತದೆ. ಆ 92ರದ್ದನ್ನು ಮಾತ್ರ ತರಬೇಡ ಅಂದೆ. "ಅದನ್ನ ಆಗ್ಲೇ ಮಾರಿದೆ ಮಾವ" ಅಂದ. ಒಳ್ಳೆ ರೇಟಿಗೇ ಹೋಯಿತಂತೆ.